ಹೊನ್ನತ್ತೆ ಗೆದ್ದ ಗುರುವಾರ

ನಮ್ಮೂರಿಗೆ ರೈಲು ಬರುವುದು ಗುರುವಾರ ಮಾತ್ರ. ಬೆಳಿಗ್ಗೆ ಬಂದ ರೈಲು ಹಗಲೆಲ್ಲ ಸ್ಟೇಷನ್ನಿನಲ್ಲೇ ನಿಂತಿದ್ದು ಸಂಜೆ ಹೊರಡುತ್ತದೆ. ಬಂದಿಳಿದ ನೆಂಟರು, ಸ್ನೇಹಿತರು ಯಾರೇ ಆಗಲಿ, ಸ್ಟೇಷನ್ ಪಕ್ಕದ ಕುದುರೆ ಮೈದಾನಕ್ಕೆ ಹೋಗಿ, ಅಲ್ಲಿನ ಕಿಟಕಿಯ ಹಿಂದೆ ಕೂತ ಚೌಡಯ್ಯನವರಿಗೆ ಒಂದು ಕುದುರೆಯ ಹೆಸರು ಹೇಳಿ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು. ಊಟದ ಹೊತ್ತು ಕಳೆದ ಮೇಲೆ ಓಟ. ಬಿಲ್ಲೆಯ ಕುದುರೆ ಗೆದ್ದರೆ ನೆಂಟರು ಎಷ್ಟು ದಿನ ಬೇಕಾದರೂ ಊರಲ್ಲಿ ಇರಬಹುದು. ಸೋತರೆ ಸಂಜೆಯ ರೈಲು.

ಹಾಗಾಗಿ ನಮ್ಮಲ್ಲಿ ಯಾವ ಮನೆಯಲ್ಲೂ ಓಟ ಮುಗಿಯುವ ಮುಂಚೆ ಅಟ್ಟದ ಮೇಲಿನ ಹಾಸಿಗೆ ಕೆಳಗಿಳಿಸುವುದಿಲ್ಲ. ನೆಂಟರು ಗೆದ್ದರೆಂದು ಸುದ್ದಿ ಬಂದ ಮೇಲೆಯೇ ಹೋಳಿಗೆಗೆ ಬೇಳೆ ಬೇಯಲು ಇಡುವುದು. ಸೋತವರಿಗೆ ದಾರಿಗೆ ಕಟ್ಟಿಕೊಡಲು ಪುಳಿಯೋಗರೆ ಗೊಜ್ಜು ಎಲ್ಲರ ಮನೆಯಲ್ಲೂ ಜಾಡಿ ತುಂಬ ಇರುತ್ತದೆ. ಮದುವೆಗೆ ಬರುವ ಬೀಗರ ಕಡೆಯವರು ಒಬ್ಬೊಬ್ಬರೂ ಒಂದೊಂದು ಕುದುರೆ ಹಿಡಿಯುತ್ತಾರೆ, ಮರುದಿನದ ಧಾರೆಗೆ ನಾಲ್ಕು ಜನವಾದರೂ ಉಳಿಯಲಿ ಎಂದು. ನಮ್ಮ ಹಿಂದಿನ ಬೀದಿಯ ಒಂದು ಮದುವೆಯಲ್ಲಿ ಗಂಡಿನ ಕಡೆಯಿಂದ ಉಳಿದವರು ಮದುಮಗ ಮತ್ತು ಓಲಗದವನು ಇಬ್ಬರೇ. ಇನ್ನು ಬೇಡದ ನೆಂಟರು ಬಂದಾಗ ಮನೆಯವರು ಯಾವ ದೇವರಿಗೆ ಏನು ಬೇಡಿಕೊಳ್ಳುತ್ತಾರೆ ಎನ್ನುವುದನ್ನು ನಾನು ಹೇಳುವುದಿಲ್ಲ.

ನನ್ನ ಸೋದರತ್ತೆ ಹೊನ್ನಮ್ಮ, ಅಂದರೆ ಅಪ್ಪನ ತಂಗಿ, ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಊರಿಗೆ ಮದುವೆಯಾಗಿ ಹೋದವಳು, ಹೋದ ಮೇಲೆ ಎಲ್ಲರಂತೆ ಅವಳೂ ನೆಂಟಳಾದಳು. ಮಾಮ ತೀರಿಕೊಂಡ ಮೇಲೆ ಅಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ದುಡಿದು ನಿವೃತ್ತಿಯಾಗಿದ್ದಳು. ಗಂಟಲು ಮಾತ್ರ ನಿವೃತ್ತಿಯಾಗಿರಲಿಲ್ಲ. ರೈಲು ನಿಲ್ಲುವ ಮುಂಚೆಯೇ ಅವಳ ದನಿ ಪ್ಲಾಟ್‌ಫಾರಮ್ಮಿಗೆ ಇಳಿದಿರುತ್ತಿತ್ತು.

ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದಳು. ಬಂದಾಗೆಲ್ಲ ಸೋಲುತ್ತಿದ್ದಳು. ಅವಳು ಕುದುರೆ ಆರಿಸುವ ಚಂದವೇ ಬೇರೆ. "ಅದರ ಬಾಲ ನೋಡೆ, ನಮ್ಮ ಹೊಲಿಗೆ ಮಿಸ್ಸಿನ ಜಡೆ ಇದ್ದ ಹಾಗಿದೆ" ಅಂತ ಒಂದು ಸಲ. "ಪಾಪ, ಆ ಮೂಲೇದು ಯಾಕೋ ಸಪ್ಪಗಿದೆ, ಯಾರಾದ್ರೂ ಹಿಡೀಲಿ ಅದನ್ನ" ಅಂತ ಇನ್ನೊಂದು ಸಲ. ಸೋತ ಮೇಲೆ ಎರಡೂ ಕೈ ತಟ್ಟಿ ನಕ್ಕು, ಬಿಲ್ಲೆಯನ್ನು ಕಿಟಕಿಯೊಳಗೆ ತಳ್ಳಿ, "ಚೌಡಪ್ಪ, ಇಟ್ಕೊಳಪ್ಪ, ಮತ್ತೆ ಬರ್ತೀನಿ" ಎಂದು ಹೊರಟುಬಿಡುತ್ತಿದ್ದಳು. ಸೋತು ಅಳುವವರನ್ನು, ಕುದುರೆಗೆ ಶಾಪ ಹಾಕುವವರನ್ನು ನಾವು ಬೇಕಾದಷ್ಟು ಕಂಡಿದ್ದೆವು. ಸೋತು ಹೀಗೆ ನಗುವವಳನ್ನು ನೋಡಲೆಂದೇ ಆ ದಿನ ಕೆಲವರು ಮೈದಾನಕ್ಕೆ ಬರುತ್ತಿದ್ದರು.

ಬೇರೆಯವರು ತಿಂಗಳು ಇದ್ದು ಮಾಡದ್ದನ್ನು ಹೊನ್ನತ್ತೆ ಆ ಒಂದು ಹಗಲಿನಲ್ಲಿ ಮಾಡಿ ಮುಗಿಸುತ್ತಿದ್ದಳು. ಬಂದವಳೇ ಕೂರಿಸಿಕೊಂಡು ನನ್ನ ತಲೆಗೆ ಹರಳೆಣ್ಣೆ ತಟ್ಟುವಳು. ಅಪ್ಪನ ಅಂಗಿಗಳ ಗುಂಡಿ ಹಾಕುವಳು. ಅಲ್ಲಿಂದ ಅವಳ ಬಾಲ್ಯದ ಗೆಳತಿ, ಟೈಲರಿಂಗ್ ಅಂಗಡಿಯ ಮೈಮೂನ್‌ಬಿಯ ಹತ್ತಿರ ಹೋಗಿ, ಬಟ್ಟೆಯ ರಾಶಿಯ ಮೇಲೆ ಕೂತು ಚಹಾ ಕುಡಿದು, ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುವರು. ಪಕ್ಕದ ಮನೆಯವರೊಂದಿಗೆ ಅಪ್ಪ ವರ್ಷಗಟ್ಟಲೆ ಮಾತು ಬಿಟ್ಟಿದ್ದರು, ಒಂದು ನುಗ್ಗೆಮರದ ಕೊಂಬೆಯ ವಿಷಯಕ್ಕೆ. ಹೊನ್ನತ್ತೆ ಒಂದು ಗುರುವಾರ ಬಂದವಳು ಆ ಕೊಂಬೆಯ ಕಾಯಿ ತಾನೇ ಕಿತ್ತು, ಸಾರು ಮಾಡಿ, ಎರಡೂ ಮನೆಯವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಿದಳು. "ನನಗೆ ಸಂಜೆ ರೈಲಿದೆ, ಜಗಳ ಆಡೋಕೆ ಟೈಮಿಲ್ಲ, ಬೇಗ ಉಣ್ಣಿ" ಎಂದಳು. ಉಂಡರು.

ಒಂದೇ ಒಂದು ಸಲ, ರೈಲಿನ ಕಿಟಕಿಯಲ್ಲಿ ಕೂತು, ಅವಳು ಸಣ್ಣ ದನಿಯಲ್ಲಿ ಕೇಳಿದ್ದಳು: "ಸುಗುಣ, ರಾತ್ರಿ ಎಲ್ಲ ಮಲಗಿದ ಮೇಲೆ ಲಾಯದಲ್ಲಿ ಕುದುರೆಗಳು ಕಾಲು ಬಡಿಯೋ ಸದ್ದು ಈಗಲೂ ನಮ್ಮನೆವರೆಗೆ ಕೇಳುತ್ತಾ?" ಕೇಳುತ್ತದೆ ಎಂದೆ. ಮದುವೆಯಾದಂದಿನಿಂದ ಅವಳು ತನ್ನ ಹುಟ್ಟೂರಿನಲ್ಲಿ ಒಂದು ರಾತ್ರಿ ಕಳೆದವಳಲ್ಲ ಎನ್ನುವುದು ನನಗೆ ಹೊಳೆದದ್ದೇ ಆಗ.

ನನಗೆ ಮೊದಲ ಮಗು ಉಳಿಯಲಿಲ್ಲ. ಹುಟ್ಟಿದ ದಿನವೇ ಹೋಯಿತು. ಅಮ್ಮ ಅದಕ್ಕೂ ಮೊದಲೇ ತೀರಿಹೋಗಿದ್ದಳು. ಎರಡನೆಯದು ನಿಂತಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಹೆದರಿಕೆ. ನನ್ನ ಗಂಡ ಶಂಭು ಬೇಕರಿ ನಡೆಸುತ್ತಾನೆ, ಒಳ್ಳೆಯವನು. ಹಿಟ್ಟು ನಾದಿದ ಕೈಯನ್ನು ತೊಳೆಯಲೂ ಮರೆತು ಓಡಿಬಂದು ನನ್ನ ಪಕ್ಕ ಕೂರುತ್ತಿದ್ದ. ಆದರೆ ಅವನಿಗೂ ನನ್ನಷ್ಟೇ ಹೆದರಿಕೆ. ಕಡೆಗೆ ಒಂದು ದಿನ ಬಾಯಿಬಿಟ್ಟು ಹೇಳಿದೆ: "ಅತ್ತೆ ಬಂದು ಇದ್ದರೆ ನನಗೆ ಧೈರ್ಯ."

ಹೊನ್ನತ್ತೆಗೆ ಸುದ್ದಿ ಮುಟ್ಟಿತು. ಮುಂದಿನ ಗುರುವಾರವೇ ಟ್ರಂಕಿನಲ್ಲಿ ಬಾಣಂತಿ ಖಾರದ ಡಬ್ಬ, ಹಳೆ ಸೀರೆಯ ಮೆತ್ತನೆ ತುಂಡುಗಳು, ಬಜೆ, ಎಲ್ಲ ತುಂಬಿಕೊಂಡು ಇಳಿದಳು. ಆ ದಿನ ಅವಳು ನನ್ನ ತಲೆಗೆ ಎಣ್ಣೆ ಹಚ್ಚಲಿಲ್ಲ, ಮೈಮೂನ್‌ಬಿಯ ಅಂಗಡಿಗೂ ಹೋಗಲಿಲ್ಲ. ಮೈದಾನದಲ್ಲೇ ನಿಂತಳು. ಜೀವಮಾನದಲ್ಲಿ ಮೊದಲ ಸಲ ಕುದುರೆಗಳನ್ನು ಕಾಲಿನಿಂದ ಕಿವಿಯವರೆಗೆ ನೋಡಿದಳು. ಸಿಕ್ಕವರನ್ನೆಲ್ಲ ಕೇಳಿದಳು. ಎಲ್ಲರೂ ಒಂದೇ ಹೆಸರು ಹೇಳಿದರು: ಬೆಳ್ಳಿಚುಕ್ಕಿ. ಆ ತಿಂಗಳು ಸೋಲೇ ಕಾಣದ ಕುದುರೆ. ಅತ್ತೆ ಅದರ ಬಿಲ್ಲೆ ಹಿಡಿದಳು.

ಓಟ ಶುರುವಾದಾಗ ನಾನು, ನೆಂಟರಿಗೂ ಊರಿನವರಿಗೂ ನಡುವೆ ಕಟ್ಟುವ ಹಗ್ಗದ ಈಚೆ, ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದೆ. ಬೆಳ್ಳಿಚುಕ್ಕಿ ಬಾಣ ಬಿಟ್ಟ ಹಾಗೆ ಹೊರಟಿತು. ಅರ್ಧ ಸುತ್ತಿನ ಹೊತ್ತಿಗೆ ಉಳಿದವೆಲ್ಲ ಅದರ ಧೂಳು ಕುಡಿಯುತ್ತಿದ್ದವು. "ಅತ್ತೆ, ಗೆದ್ವಿ" ಎಂದು ನಾನು ಕೂಗಿಯೇಬಿಟ್ಟೆ. ಕೊನೆಯ ತಿರುವಿನಲ್ಲಿ ಏನೋ ಮಿಂಚಿ ಹಾರಿತು. ಲಾಳ. ಬೆಳ್ಳಿಚುಕ್ಕಿ ಕುಂಟಲಿಲ್ಲ, ಬೀಳಲಿಲ್ಲ, ಕಾಲು ಊರಲು ಒಂದು ಕ್ಷಣ ಅನುಮಾನಿಸಿತು, ಅಷ್ಟೆ. ಆ ಕ್ಷಣದಲ್ಲಿ ಗಾಳಿರಾಯ ಎಂಬ ಕಂದು ಕುದುರೆ ಮೂತಿಯಷ್ಟು ಮುಂದೆ ನುಗ್ಗಿತು.

ಅಂದು ಹೊನ್ನತ್ತೆ ಕೈ ತಟ್ಟಲಿಲ್ಲ. ಬಿಲ್ಲೆಯನ್ನು ಕಿಟಕಿಯಲ್ಲಿಟ್ಟಳು. ಚೌಡಯ್ಯನವರು ತಲೆ ಎತ್ತಲಿಲ್ಲ.

ಮೈಮೂನ್‌ಬಿ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಹೊನ್ನಿ, ನನ್ನ ಅಂಗಡಿ ಹಿಂದೆ ಒಂದು ಕೋಣೆ ಇದೆ. ಬಟ್ಟೆ ಥಾನುಗಳ ಹಿಂದೆ ಯಾರು ಬಂದು ನೋಡ್ತಾರೆ? ಹೆರಿಗೆ ಆಗೋವರೆಗೂ ಇರು. ಈ ಊರಲ್ಲಿ ಯಾರೂ ಬಾಯಿ ಬಿಡಲ್ಲ."

"ಬಿಡಲ್ಲ, ಗೊತ್ತು," ಎಂದಳು ಅತ್ತೆ. ಪ್ಲಾಟ್‌ಫಾರಮ್ಮಿನ ಕಡೆ ತೋರಿಸಿದಳು. ಅಲ್ಲಿ ಸೋತ ನೆಂಟರು ಗಂಟು ಮೂಟೆ ಹೊತ್ತು ರೈಲು ಹತ್ತುತ್ತಿದ್ದರು. ಒಬ್ಬ ಮುದುಕ ಮೊಮ್ಮಗಳ ಕೆನ್ನೆ ಬಿಡಲಾರದೆ ನಿಂತಿದ್ದ. "ಅವರೆಲ್ಲ ಹೊರಡೋವಾಗ ನಾನು ಬಟ್ಟೆ ಹಿಂದೆ ಅವಿತುಕೊಂಡ್ರೆ, ನಾಳೆ ಅವರ ಮುಖ ಹೇಗೆ ನೋಡಲಿ ಮೈಮೂನ್? ಅವರಿಗೂ ಇಲ್ಲಿ ಯಾರೋ ಒಬ್ರು ಸುಗುಣ ಇದ್ದಾಳೆ."

ಮೈಮೂನ್‌ಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ನನ್ನ ಹತ್ತಿರ ಬಂದು, ಯಾವ ದಿನ ಯಾವ ಕಷಾಯ, ಯಾವ ನೋವಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಹೇಳತೊಡಗಿದಳು. ಅವಳ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನಾನು ಅವಳ ಟ್ರಂಕಿನ ಹಿಡಿಕೆ ಹಿಡಿದು, "ನಾನೂ ಬರ್ತೀನಿ" ಎಂದೆ.

ಅಪ್ಪ ಗಾಬರಿಯಾದರು. ನಮ್ಮೂರಿನವರು ಹೊರಗೆ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ. ಆದರೆ ಹೊರಗೆ ಒಂದು ಅಮಾವಾಸ್ಯೆ ಕಳೆದರೆ ಅವರೂ ನೆಂಟರೇ. "ಯೋಚನೆ ಮಾಡಿದ್ದೀಯಾ ಸುಗುಣ? ವಾಪಸು ಬರೋಕೆ ನಿನಗೂ ಕುದುರೆ ಬೇಕು. ಹೊರಗೆ ಹುಟ್ಟಿದ ಮಗುವಿಗೂ ಬೇಕು."

"ಮಗು ಉಳಿದ್ರೆ ಕುದುರೆ ನೋಡೋಣ ಅಪ್ಪ," ಎಂದೆ.

ಶಂಭು ಟ್ರಂಕನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ.

ಹೊನ್ನತ್ತೆಯ ಊರಿನ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿತು. ನೋವು ಬರುವಾಗ ಅತ್ತೆ ತನ್ನ ಕೈಯನ್ನು ನನ್ನ ಕೈಗೆ ಕೊಟ್ಟಿದ್ದಳು. ನಾನು ಹಿಸುಕಿದ ಗುರುತು ವಾರವಾದರೂ ಅವಳ ಮಣಿಕಟ್ಟಿನಲ್ಲಿತ್ತು. ಕೂಸು ಅತ್ತಾಗ ಹೊರಗೆ ಕಾರಿಡಾರಿನಲ್ಲಿದ್ದವರಿಗೆಲ್ಲ ಕೇಳುವಂತೆ, "ನನ್ನ ಗಂಟಲೇ ಬಂದಿದೆ!" ಎಂದು ಕೂಗಿದಳು. ನಾಮಕರಣಕ್ಕೆ ಶಂಭು ಬಂದ. ನೀಲಾ ಎಂದು ಹೆಸರಿಟ್ಟೆವು. ಬಿಸಿನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಎಲ್ಲವನ್ನೂ ಅತ್ತೆ ತಾನೊಬ್ಬಳೇ ನಿಂತು ಮಾಡಿದಳು. ರಾತ್ರಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಹಾಸ್ಟೆಲಿನ ಹುಡುಗಿಯರ ಕಥೆ ಹೇಳಿ ನನ್ನನ್ನೂ ನಿದ್ದೆ ಹೋಗಿಸುತ್ತಿದ್ದಳು. ಎದೆಯೊಳಗಿನ ಹೆದರಿಕೆ ಯಾವಾಗ ಎದ್ದು ಹೋಯಿತೋ ನನಗೆ ಗೊತ್ತಾಗಲಿಲ್ಲ.

ಕೂಸಿನ ಕತ್ತು ನಿಂತ ಮೇಲೆ ಮೂವರೂ ರೈಲು ಹತ್ತಿದೆವು. ಹಗ್ಗದ ಆಚೆ ಅಪ್ಪ, ಶಂಭು, ಮೈಮೂನ್‌ಬಿ ನಿಂತಿದ್ದರು. ಹುಟ್ಟಿದಂದಿನಿಂದ ನಾನು ಅವರ ಕಡೆ ನಿಂತವಳು. ಈಗ ಸಾಲಿನಲ್ಲಿ ನಿಂತು ಕಿಟಕಿಯ ಮುಂದೆ ಹೋದೆ. ತಾಯಿ ಒಂದು ಕಡೆ ಮಗು ಒಂದು ಕಡೆ ಆಗಬಾರದಲ್ಲ, ಅದಕ್ಕೆ ಇಬ್ಬರಿಗೂ ಒಂದೇ ಕುದುರೆ, ಗಾಳಿರಾಯನನ್ನೇ ಹೇಳಿದೆ. ಆಗ ಊರಿನ ಹುಲಿ ಅವನೇ. ನೀಲಾಳ ಬಿಲ್ಲೆಯನ್ನು ಅವಳ ಉಡಿದಾರಕ್ಕೆ ಕಟ್ಟಿದೆ.

"ನಿನಗೂ ಗಾಳಿರಾಯನೇ ತಾನೆ ಅತ್ತೆ?" ಎಂದೆ.

"ಅಯ್ಯೋ ಬೇಡಮ್ಮ! ನಾನು ಹಿಡಿದ ಕುದುರೆ ಯಾವತ್ತಾದ್ರೂ ಗೆದ್ದಿದ್ದುಂಟಾ? ನಿಮ್ಮ ಕುದುರೆಗೆ ನನ್ನ ಅದೃಷ್ಟ ಸೋಕೋದು ಬೇಡ." ಕಿಟಕಿಯ ಕಡೆ ತಿರುಗಿ, "ಚೌಡಪ್ಪ, ಯಾವುದೋ ಒಂದು ಕೊಡು. ಯಾರೂ ಹಿಡೀದೇ ಇರೋದು ಯಾವುದಿದೆ? ಅದನ್ನೇ ಕೊಡು" ಎಂದಳು. ಅವರು ದೊಡ್ಡಕ್ಕ ಎಂಬ ಹೆಣ್ಣುಕುದುರೆಯ ಬಿಲ್ಲೆ ಕೊಟ್ಟರು. ಅತ್ತೆ ಅದನ್ನು ನೋಡದೆ ಮುಷ್ಟಿಯಲ್ಲಿ ಹಿಡಿದಳು.

ಓಟದುದ್ದಕ್ಕೂ ಅವಳು ಕೂಗಿದ್ದು ಗಾಳಿರಾಯನ ಹೆಸರನ್ನೇ. ಕೂಗಿ ಕೂಗಿ ಕತ್ತಿನ ನರ ಉಬ್ಬಿತ್ತು. ಗಾಳಿರಾಯ ಮುಂದಿದ್ದ, ನಿಜ. ಆದರೆ ಒಳಗಿನ ಬೇಲಿಯ ಪಕ್ಕದಿಂದ, ಯಾರ ಕಣ್ಣಿಗೂ ಬೀಳದೆ, ದೊಡ್ಡದೊಂದು ಬೂದು ಬಣ್ಣದ ಕುದುರೆ ಆತುರವೇ ಇಲ್ಲದವಳ ಹಾಗೆ ಹೆಜ್ಜೆ ಉದ್ದ ಮಾಡುತ್ತಾ ಬಂತು. ಬಂತು, ಗಾಳಿರಾಯನ ಪಕ್ಕಕ್ಕೆ ಬಂತು, ದಾಟಿತು.

"ದೊಡ್ಡಕ್ಕ!" ಎಂದು ಚೌಡಯ್ಯನವರು ಕೂಗಿದರು. ಕೂಗಿದವರೇ ಬೆಚ್ಚಿ ಅತ್ತೆಯ ಕಡೆ ನೋಡಿದರು. ಇಡೀ ಮೈದಾನ ನೋಡಿತು. ಅತ್ತೆ ಮಾತ್ರ, "ಅಯ್ಯೋ, ಯಾವ ಮನೆಹಾಳಿ ಕುದುರೆ ಅದು!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು. ಮೈಮೂನ್‌ಬಿ ಹಗ್ಗದ ಆಚೆಯಿಂದ, "ಹೊನ್ನಿ, ಕೈ ಬಿಚ್ಚೆ, ಕೈ ಬಿಚ್ಚು" ಎಂದು ಅರಚಿದ ಮೇಲೆಯೇ ಅವಳು ಮುಷ್ಟಿ ಬಿಚ್ಚಿ ನೋಡಿದ್ದು.

ಜನ ಹೋ ಎಂದರು. ಟೋಪಿ, ಟವಲು ಗಾಳಿಗೆ ಹಾರಿದವು. ಹೊನ್ನಮ್ಮ ಗೆದ್ದಳು! ಆಮೇಲೆ ಒಬ್ಬೊಬ್ಬರಾಗಿ ಅವಳ ಪಕ್ಕದಲ್ಲಿ ಕೂಸನ್ನು ಎತ್ತಿಕೊಂಡು ನಿಂತ ನನ್ನನ್ನು ಕಂಡು ದನಿ ಇಳಿಸಿದರು.

ಅತ್ತೆ ಕಿಟಕಿಗೆ ಓಡಿದಳು. "ಚೌಡಪ್ಪ, ಇದನ್ನ ಸುಗುಣನ ಹೆಸರಿಗೆ ಬರ್ಕೊ. ತಾಯಿ ಮಗೂನ ಒಂದೇ ಲೆಕ್ಕ ಅಂದ್ಕೊ."

"ಆಗಲ್ಲ ಹೊನ್ನಮ್ಮ," ಎಂದರು ಅವರು. "ಆಗೋ ಹಾಗಿದ್ದರೆ ನೀನು ಕೇಳೋಕೆ ಮುಂಚೆ ನಾನೇ ಮಾಡ್ತಿದ್ದೆ."

ಅವಳು ತಿರುಗಿ ಬಂದು ಟ್ರಂಕಿಗೆ ಕೈ ಹಾಕಿದಳು. "ನಡಿ. ಮುಂದಿನ ಸಲ ನೋಡೋಣ. ಕೂಸಿಗೆ ಹಾಲು ಕುಡಿಸ್ಕೊ, ರೈಲಲ್ಲಿ ಜನ ಜಾಸ್ತಿ."

"ನೀನು ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮನೆಗೆ."

"ಹೊನ್ನಿ," ಎಂದರು ಅಪ್ಪ. ಅವರು ತಂಗಿಯನ್ನು ಅದುವರೆಗೆ ಏನೂ ಬೇಡಿದವರಲ್ಲ. "ಒಂದು ರಾತ್ರಿ ಇರು. ಒಂದೇ ಒಂದು ರಾತ್ರಿ."

ಅತ್ತೆಯ ಮುಖ ನಾನು ನೋಡಿದೆ. ಆಸೆ ಎನ್ನುವುದು ಅಷ್ಟು ವಯಸ್ಸಾದವರ ಮುಖದಲ್ಲಿ ಅಷ್ಟು ಬರಿದಾಗಿ ಕಾಣುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮರುಗಳಿಗೆಯೇ ಅದನ್ನು ಒರೆಸಿಹಾಕಿ, "ಈ ಕೂಸನ್ನ ಒಬ್ಬಳೇ ಹೇಗೆ ನೋಡ್ಕೋತಾಳೆ ಅಣ್ಣ?" ಎಂದಳು.

"ನೋಡ್ಕೋತೀನಿ," ಎಂದೆ ನಾನು. "ನೀರು ಹಾಕೋದು ಬರುತ್ತೆ, ಹೊಟ್ಟೆನೋವು ಬಂದ್ರೆ ಏನು ಮಾಡ್ಬೇಕು ಗೊತ್ತು, ಯಾವ ಅಳು ಹಸಿವಿಂದು ಯಾವುದು ನಿದ್ದೇದು ಗೊತ್ತು. ಎಲ್ಲ ಕಲಿಸಿದೋಳು ನೀನೇ. ಈಗ ನಂಬಿಕೆ ಇಲ್ವಾ? ನಿನ್ನ ಮನೆ ಬೀಗದ ಕೈ ಕೊಡು ಅತ್ತೆ."

ಅವಳು ಕೊಡಲಿಲ್ಲ. ನಾನೇ ಅವಳ ಸೊಂಟದಿಂದ ಕೀಲಿಗೊಂಚಲು ಬಿಚ್ಚಿಕೊಂಡೆ. ಶಂಭು, "ನಾನು ಅಮಾವಾಸ್ಯೆ ತಪ್ಪಿಸಿ ಹದಿನೈದು ದಿನಕ್ಕೊಂದು ಸಲ ಹೋಗಿ ಬರ್ತೀನಿ, ನೀವು ಇರಿ" ಎಂದ. ಆಗ ಅವಳು ಟ್ರಂಕಿನ ಮೇಲೆ ಕುಸಿದು ಕೂತಳು.

ರೈಲು ಹೊರಟಾಗ ತಮಾಷೆಯಾಯಿತು. ಕಿಟಕಿಯ ಒಳಗಿಂದ ಕೈ ಬೀಸುವುದು ಅತ್ತೆಗೆ ಗೊತ್ತು, ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಕಳಿಸುವುದು ಗೊತ್ತಿರಲಿಲ್ಲ. ರೈಲಿನ ಜೊತೆಯಲ್ಲೇ ಓಡಿದಳು. "ಎಣ್ಣೆ ಬಿಸಿ ಮಾಡಿ ಹಚ್ಚು! ಹಿತ್ತಲ ಬಾಗಿಲಿಗೆ ಅಡ್ಡಗೋಲು ಹಾಕು! ಎದುರುಮನೆ ಪದ್ದಮ್ಮನಿಗೆ ಹೇಳು, ನಾನು ಗೆದ್ದೆ ಅಂತ!" ಎಂದಳು. ಕೊನೆಯ ಮಾತು ತಾನೇ ಕೇಳಿಸಿಕೊಂಡು ನಿಂತುಬಿಟ್ಟಳು, ಬಾಯಿಗೆ ಸೆರಗು ಹಿಡಿದು.

ಆಮೇಲೆ ನನಗೆ ಬೇಗ ಬರಲಾಗಲಿಲ್ಲ. ನೀಲಾಗೆ ಕೆಮ್ಮು ಹತ್ತಿತು. ಪುಟ್ಟ ಎದೆ, ಚಳಿಗಾಲ ಪೂರ್ತಿ ರೈಲಿನ ಗಾಳಿ ಬೇಡ ಎಂದರು ಡಾಕ್ಟರು. ಅತ್ತೆ ಶಂಭುವಿನ ಹತ್ತಿರ ಪ್ರತಿ ಸಲ, "ನಾನು ಬರ್ಲಾ ಕೇಳು" ಎಂದು ಹೇಳಿ ಕಳಿಸುವಳು. ನಾನು ಪ್ರತಿ ಸಲ, "ಕೂಡದು" ಎಂದು ಹೇಳಿ ಕಳಿಸುವೆ. ಅಲ್ಲಿಯ ಸುದ್ದಿಯನ್ನು ಅವನು ಬಿಸ್ಕತ್ತಿನ ಡಬ್ಬದ ಜೊತೆ ತರುತ್ತಿದ್ದ. ಮೊದಲ ರಾತ್ರಿ ಅತ್ತೆ ಮಲಗಲೇ ಇಲ್ಲವಂತೆ, ಜಗುಲಿಯಲ್ಲಿ ಕಂಬಳಿ ಹೊದ್ದು ಕೂತು, ಲಾಯದ ಸದ್ದು ಕೇಳಿದಾಗೆಲ್ಲ ಅಪ್ಪನನ್ನು ಎಬ್ಬಿಸಿ, "ಕೇಳಿಸ್ತಾ?" ಅನ್ನುತ್ತಿದ್ದಳಂತೆ. ಈಗ ಗುರುವಾರ ಸೋತವರೆಲ್ಲ ಮೊದಲು ಹುಡುಕುವುದು ಹೊನ್ನಮ್ಮನನ್ನಂತೆ. "ಅಳ್ತಾ ಕೂತ್ರೆ ಉಳಿದಿರೋ ಗಂಟೇನೂ ಹೋಗುತ್ತೆ. ಏಳಿ, ಯಾರನ್ನ ನೋಡ್ಬೇಕು ಹೇಳಿ" ಎಂದು ಅವರನ್ನು ಎಬ್ಬಿಸಿ, ರೈಲಿಗೆ ಮುಂಚೆ ನಾಲ್ಕು ಮನೆ ಸುತ್ತಿಸಿ, ನಗಿಸಿ ಕಳಿಸುತ್ತಿದ್ದಳಂತೆ. ಸಂಜೆಯ ರೈಲಿನಲ್ಲಿ ಅಳು ಕಡಿಮೆಯಾಗಿದೆ ಎಂದು ಗಾರ್ಡೇ ಹೇಳಿದನಂತೆ. ನನಗೆ ಅವಳ ಮನೆಯಲ್ಲಿ ಒಬ್ಬಳೇ ಕೂಸಿನ ಎದೆಗೆ ಬಿಸಿ ಶಾಖ ಕೊಡುವಾಗ ಈ ಸುದ್ದಿಗಳೇ ಜೊತೆ.

ಅವರೆಕಾಯಿ ಕಾಲ ಮುಗಿಯುತ್ತಾ ಬಂದಾಗ ನೀಲಾ ಚೇತರಿಸಿಕೊಂಡು ತೆವಳತೊಡಗಿದ್ದಳು. ಹೊರಟು ಬಂದೆ. ಆ ಗುರುವಾರ ನಮ್ಮಿಬ್ಬರಿಗೂ ನಾನು ಹಿಡಿದದ್ದು ಹೆಸರು ಕೂಡ ಸರಿಯಾಗಿ ಕೇಳಿರದ ಒಂದು ಎಳೆಯ ಕುದುರೆ, ಹೊಸದಾಗಿ ಬಂದದ್ದು. ಯಾಕೆ ಎಂದರೆ ಹೇಳಲಾರೆ. ಅದು ಗೆದ್ದಿತು. ಓಟ ಮುಗಿದು ಹಗ್ಗ ದಾಟಿ ಬಂದ ನನ್ನನ್ನು ಶಂಭು ಹಿಡಿದುಕೊಂಡ. ಅಪ್ಪ ಕೂಸಿನ ಪಾದಕ್ಕೆ ಹಣೆ ಮುಟ್ಟಿಸಿದರು.

ಹೊನ್ನತ್ತೆ ಎರಡೂ ಕೈ ಚಾಚಿ, "ಬಾರೆ ನನ್ನ ಗಂಟಲೆ, ಬಾರೆ!" ಎಂದು ಓಡಿಬಂದಳು. ನೀಲಾ ಒಮ್ಮೆ ನೋಡಿ, ಮುಖ ತಿರುಗಿಸಿ, ನನ್ನ ಕತ್ತು ಅಪ್ಪಿ ಚೀರಿದಳು. ಗುರುತು ಹತ್ತಲಿಲ್ಲ. ಹುಟ್ಟಿದ ಕ್ಷಣದಿಂದ ಕಾಲ ಮೇಲೆ ಹಾಕಿಕೊಂಡು ಸಾಕಿದವಳ ಗುರುತು ಹತ್ತಲಿಲ್ಲ. ಚಾಚಿದ ಕೈಯನ್ನು ಅತ್ತೆ ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು. ಎಷ್ಟೋ ಕುದುರೆಗಳು ಸೋತಾಗ ಒದ್ದೆಯಾಗದ ಅವಳ ಕಣ್ಣು ಅವತ್ತು ಒದ್ದೆಯಾಯಿತು. "ಇರಲಿ ಬಿಡು, ಕೂಸಿನ ಧರ್ಮ ಅದು" ಎಂದಳು.

ಮನೆಗೆ ಬಂದೆವು. ಅಟ್ಟದ ಹಾಸಿಗೆ ಇಳಿಯಿತು, ಬೇಳೆ ಒಲೆಯ ಮೇಲೇರಿತು. ಅತ್ತೆ ನೀಲಾಳ ಹತ್ತಿರ ಸುಳಿಯಲಿಲ್ಲ, ಕರೆಯಲಿಲ್ಲ, ಹೆಸರೂ ಎತ್ತಲಿಲ್ಲ. ನಡುಮನೆಯ ಗೋಡೆಗೆ ಒರಗಿ, ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಾ ಕೂತಳು. ನಾನು ಕೂಸನ್ನು ನೆಲಕ್ಕೆ ಬಿಟ್ಟೆ. ಅದು ಕಂಬ ಮುಟ್ಟಿತು, ಅಪ್ಪನ ಚಪ್ಪಲಿ ಮುಟ್ಟಿತು, ನನ್ನ ಕಡೆ ತಿರುಗಿ ನೋಡಿತು. ಅತ್ತೆ ತಲೆ ಎತ್ತಲಿಲ್ಲ. ಚಿಟ್, ಚಿಟ್ ಎಂದು ಕಾಯಿ ಬಿಚ್ಚುವ ಸದ್ದು ಮಾತ್ರ. ಸಂಜೆಯ ರೈಲು ಕೂಗಿ ಹೋಯಿತು. ಬಾಗಿಲಿನ ಬೆಳಕು ಕೆಂಪಾಗುವ ಹೊತ್ತಿಗೆ ನೀಲಾ ತೆವಳುತ್ತಾ ತೆವಳುತ್ತಾ ಮೊರದ ಹತ್ತಿರ ಬಂದು, ಅತ್ತೆಯ ಮಡಿಲಿನಿಂದ ಒಂದು ಸಿಪ್ಪೆ ಎತ್ತಿಕೊಂಡಳು.

ಅತ್ತೆ ಉಸಿರೂ ಆಡಲಿಲ್ಲ. ಇನ್ನೊಂದು ಸಿಪ್ಪೆಯನ್ನು ತೆಗೆದು, ನೆಲದ ಮೇಲೆ, ತನಗೆ ಇನ್ನೂ ಸ್ವಲ್ಪ ಹತ್ತಿರಕ್ಕೆ ಇಟ್ಟಳು.